ಉಸಿರು ಹೇಳುವ ರೋಗದ ಸುಳಿವು: ಊದುವ ಯಂತ್ರಗಳನ್ನು ಎಷ್ಟು ನಂಬಬಹುದು?

ಮದುವೆಯ ಔತಣ ಮುಗಿಸಿ ರಾತ್ರಿ ಮನೆಗೆ ಮರಳುವಾಗ ಪೊಲೀಸರು ವಾಹನ ನಿಲ್ಲಿಸಿ, ಅಂಗೈಯಲ್ಲಿ ಹಿಡಿಯುವ ಯಂತ್ರವೊಂದನ್ನು ಚಾಲಕನ ಬಾಯಿಯ ಮುಂದೆ ಹಿಡಿದು "ಊದಿ" ಎನ್ನುವುದನ್ನು ನಾವೆಲ್ಲರೂ ನೋಡಿದ್ದೇವೆ. ಕೆಲವೇ ಕ್ಷಣಗಳಲ್ಲಿ ಯಂತ್ರದ ಪರದೆಯ ಮೇಲೆ ಅಂಕಿಯೊಂದು ಮೂಡುತ್ತದೆ. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅದು ಅಪರಾಧ. ಆದರೆ ಆ ಪೊಲೀಸರು ಸೂಜಿ ಚುಚ್ಚಲಿಲ್ಲ, ಒಂದು ಹನಿ ರಕ್ತವನ್ನೂ ತೆಗೆಯಲಿಲ್ಲ. ರಕ್ತದಲ್ಲಿ ಇರುವುದನ್ನು ಉಸಿರಿನಿಂದಲೇ ಲೆಕ್ಕ ಹಾಕಿದರು.

ಇದೇ ಉಪಾಯವನ್ನು ರೋಗ ಪತ್ತೆಗೂ ಬಳಸಬಹುದಲ್ಲವೇ? ಹೌದು, ಬಳಸಲಾಗುತ್ತಿದೆ. ಅಸ್ತಮಾ, ಹಾಲು ಜೀರ್ಣವಾಗದ ತೊಂದರೆ, ಧೂಮಪಾನದ ಪ್ರಮಾಣ ಮುಂತಾದವನ್ನು ಉಸಿರಿನಿಂದ ಅಳೆಯುವ ಪುಟ್ಟ ಯಂತ್ರಗಳು ಇಂದು ವೈದ್ಯರ ಮೇಜಿನ ಮೇಲೆ ಬಂದಿವೆ. ಜೊತೆಗೆ, ಒಮ್ಮೆ ಊದಿದರೆ ಸಾಕು, ಕ್ಯಾನ್ಸರಿನಿಂದ ಸಕ್ಕರೆ ಕಾಯಿಲೆಯವರೆಗೆ ಎಲ್ಲವನ್ನೂ ಹೇಳುತ್ತೇವೆ ಎನ್ನುವ ಸುದ್ದಿಗಳೂ ಆಗಾಗ ಬರುತ್ತಿರುತ್ತವೆ. ಇವುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂದು ತಿಳಿಯಲು ಈ ಯಂತ್ರದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಅರಿಯಬೇಕು.

ಹಳೆಯ ವೈದ್ಯರ ಮೂಗು

ಉಸಿರಿನ ವಾಸನೆಯಿಂದ ರೋಗ ಗುರುತಿಸುವುದು ಹೊಸ ವಿಚಾರವೇನಲ್ಲ. ಪ್ರಾಚೀನ ಗ್ರೀಸಿನ ವೈದ್ಯರು ರೋಗಿಯ ಉಸಿರಿನ ವಾಸನೆಯನ್ನು ಗಮನಿಸುತ್ತಿದ್ದರು. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿ ಪ್ರಜ್ಞೆ ತಪ್ಪುವ ಹಂತಕ್ಕೆ ಬಂದ ರೋಗಿಯ ಬಾಯಿಯಿಂದ ಕಳಿತ ಹಣ್ಣಿನಂಥ ಸಿಹಿ ವಾಸನೆ ಬರುತ್ತದೆ. ಉಗುರಿನ ಬಣ್ಣ ಅಳಿಸಲು ಬಳಸುವ ಅಸಿಟೋನ್ ಎಂಬ ವಸ್ತುವೇ ಈ ವಾಸನೆಗೆ ಕಾರಣ. ಯಕೃತ್ತು ಕೆಟ್ಟವರ ಉಸಿರಿನಲ್ಲಿ ಒಂದು ಬಗೆಯ ಕಮಟು ವಾಸನೆ, ಮೂತ್ರಪಿಂಡ ಸೋತವರ ಉಸಿರಿನಲ್ಲಿ ಮೂತ್ರದಂಥ ವಾಸನೆ ಬರುವುದನ್ನು ಅನುಭವಿ ವೈದ್ಯರು ಇಂದಿಗೂ ಗುರುತಿಸುತ್ತಾರೆ.

ಆದರೆ ಮನುಷ್ಯನ ಮೂಗಿಗೆ ಮಿತಿ ಇದೆ. ರೋಗ ಬಹಳ ಮುಂದುವರಿದ ಮೇಲಷ್ಟೇ ಅದಕ್ಕೆ ವಾಸನೆ ತಿಳಿಯುತ್ತದೆ. ಎಷ್ಟಿದೆ ಎಂದು ಅದು ಅಂಕಿಯಲ್ಲಿ ಹೇಳಲಾರದು. ವಾಸನೆಯೇ ಇಲ್ಲದ ಅನಿಲಗಳಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ.

ಉಸಿರಿನಲ್ಲಿ ಏನೇನಿದೆ?

ನಾವು ಹೊರಬಿಡುವ ಗಾಳಿಯಲ್ಲಿ ಮುಕ್ಕಾಲು ಪಾಲು ಸಾರಜನಕ. ಆಮ್ಲಜನಕ ಸುಮಾರು ಶೇಕಡಾ 16, ಇಂಗಾಲದ ಡೈಆಕ್ಸೈಡ್ ಶೇಕಡಾ 4ರಿಂದ 5, ಉಳಿದಂತೆ ನೀರಾವಿ. ಇವೆಲ್ಲವೂ ಶಾಲೆಯಲ್ಲಿ ಓದಿದ್ದೇ. ಆದರೆ ಇವುಗಳ ನಡುವೆ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಬೇರೆ ವಸ್ತುಗಳೂ ಇರುತ್ತವೆ. ರಸಾಯನಶಾಸ್ತ್ರ ಮತ್ತು ಶಾಂತಿ ಎರಡಕ್ಕೂ ನೊಬೆಲ್ ಪ್ರಶಸ್ತಿ ಪಡೆದ ಅಮೆರಿಕದ ವಿಜ್ಞಾನಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1971ರಲ್ಲಿ ಮನುಷ್ಯನ ಉಸಿರನ್ನು ತಂಪಾದ ಕೊಳವೆಯಲ್ಲಿ ಹಿಡಿದಿಟ್ಟು ಪರೀಕ್ಷಿಸಿದಾಗ ಸುಮಾರು 250 ವಸ್ತುಗಳು ಕಂಡುಬಂದವು. ಉಸಿರು ಇಷ್ಟು ದೊಡ್ಡ ಭಂಡಾರ ಎಂಬುದು ಅಲ್ಲಿಂದ ಜಗತ್ತಿಗೆ ತಿಳಿಯಿತು. ಇಂದು ಈ ಪಟ್ಟಿ ಸಾವಿರ ದಾಟಿದೆ.

ಇವು ಎಲ್ಲಿಂದ ಬರುತ್ತವೆ? ಕೆಲವು ಶ್ವಾಸನಾಳದ ಒಳಪದರದಲ್ಲೇ ಹುಟ್ಟುತ್ತವೆ. ಕೆಲವು ಹೊಟ್ಟೆ, ಕರುಳು, ಯಕೃತ್ತುಗಳಲ್ಲಿ ಹುಟ್ಟಿ, ರಕ್ತದಲ್ಲಿ ಸೇರಿ, ಶ್ವಾಸಕೋಶದ ತೆಳುವಾದ ಗೋಡೆಯನ್ನು ದಾಟಿ ಗಾಳಿಗೆ ಬರುತ್ತವೆ. ಇನ್ನು ಕೆಲವು ನಮ್ಮ ದೇಹದ್ದೇ ಅಲ್ಲ. ನಾವು ತಿಂದ ಊಟದ್ದು, ಸೇದಿದ ಸಿಗರೇಟಿನದ್ದು, ಕುಳಿತ ಕೋಣೆಯ ಗಾಳಿಯದ್ದು. ಈ ಕೊನೆಯ ಗುಂಪೇ ವಿಜ್ಞಾನಿಗಳಿಗೆ ದೊಡ್ಡ ತಲೆನೋವು.

ಪ್ರಮಾಣವಾದರೂ ಎಷ್ಟು? ಹಲವು ವಸ್ತುಗಳನ್ನು ಅಳೆಯುವುದು ಪಿಪಿಬಿ ಎಂಬ ಅಳತೆಯಲ್ಲಿ, ಅಂದರೆ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗ. ಬೇಸಗೆಯಲ್ಲಿ ಬಾವಿ ಬತ್ತಿದಾಗ ಮನೆಗೆ ನೀರು ತರುವ ಟ್ಯಾಂಕರನ್ನು ನೆನಪಿಸಿಕೊಳ್ಳಿ. 10,000 ಲೀಟರಿನ ಐದು ಟ್ಯಾಂಕರ್ ನೀರಿಗೆ ಒಂದೇ ಒಂದು ಹನಿ ಶಾಯಿ ಬೆರೆಸಿದರೆ ಅದು ಸುಮಾರು ಒಂದು ಪಿಪಿಬಿ. ಇದರ ಸಾವಿರ ಪಟ್ಟು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ.

ಯಂತ್ರದ ಮೂಗು ಕೆಲಸ ಮಾಡುವ ಬಗೆ

ಅನಿಲವನ್ನು ಗುರುತಿಸಿ ಅದನ್ನು ವಿದ್ಯುತ್ ಸಂಕೇತವನ್ನಾಗಿ ಬದಲಿಸುವ ಬಿಡಿಭಾಗವೇ ಸೆನ್ಸರ್. ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಸೆನ್ಸರ್‌ಗಳಿವೆ.

ಮೊದಲನೆಯದು ಲೋಹದ ಆಕ್ಸೈಡಿನದ್ದು. ಜಪಾನಿನ ನವೋಯೋಶಿ ತಗುಚಿ ಎಂಬವರು 1962ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅಡುಗೆ ಅನಿಲದ ಸೋರಿಕೆಯಿಂದ ಮನೆಗಳಲ್ಲಿ ಆಗುತ್ತಿದ್ದ ಸ್ಫೋಟಗಳನ್ನು ತಡೆಯಲು ಇದು ನೆರವಾಯಿತು. ಕಾದ ತವರದ ಆಕ್ಸೈಡಿನ ಮೇಲೆ ಗಾಳಿಯ ಆಮ್ಲಜನಕ ಅಂಟಿ ಕುಳಿತಿರುತ್ತದೆ. ಉರಿಯಬಲ್ಲ ಅನಿಲ ಬಂದು ಆ ಆಮ್ಲಜನಕವನ್ನು ಕಸಿದುಕೊಂಡಾಗ ಅದರಲ್ಲಿ ವಿದ್ಯುತ್ತು ಹರಿಯುವುದು ಸುಲಭವಾಗುತ್ತದೆ, ಗಂಟೆ ಬಾರಿಸುತ್ತದೆ. ಇದು ಅಗ್ಗ, ಚಿಕ್ಕದು, ಚುರುಕು. ಆದರೆ ಬಂದದ್ದು ಅಡುಗೆ ಅನಿಲವೋ, ಮದ್ಯಸಾರವೋ, ಅಸಿಟೋನೋ ಎಂಬ ಭೇದ ಅದಕ್ಕೆ ಚೆನ್ನಾಗಿ ತಿಳಿಯದು.

ಎರಡನೆಯದು ವಿದ್ಯುತ್ ರಾಸಾಯನಿಕ ಸೆನ್ಸರ್. ಇದೊಂದು ಪುಟ್ಟ ಬ್ಯಾಟರಿಯಂತೆ. ತೆಳುವಾದ ಪೊರೆಯ ಮೂಲಕ ಅನಿಲ ಒಳಗೆ ಹೋಗಿ ಲೋಹದ ತಗಡಿನ ಮೇಲೆ ರಾಸಾಯನಿಕ ಕ್ರಿಯೆಗೆ ಒಳಗಾಗುತ್ತದೆ, ಆಗ ಸಣ್ಣ ಪ್ರಮಾಣದ ವಿದ್ಯುತ್ತು ಹರಿಯುತ್ತದೆ. ಅನಿಲ ಎಷ್ಟು ಹೆಚ್ಚೋ ವಿದ್ಯುತ್ತೂ ಅಷ್ಟೇ ಹೆಚ್ಚು. ಪೊಲೀಸರ ಕೈಯಲ್ಲಿರುವ ಒಳ್ಳೆಯ ಯಂತ್ರಗಳು ಈ ಜಾತಿಯವು. ಊದಿದ ಮದ್ಯಸಾರ ಪ್ಲಾಟಿನಂ ತಗಡಿನ ಮೇಲೆ ವಿನೆಗರಿನ ಆಮ್ಲವಾಗಿ ಮಾರ್ಪಡುತ್ತದೆ. 2,100 ಮಿಲಿಲೀಟರ್ ಉಸಿರಿನಲ್ಲಿ ಇರುವಷ್ಟು ಮದ್ಯಸಾರ ಒಂದು ಮಿಲಿಲೀಟರ್ ರಕ್ತದಲ್ಲಿ ಇರುತ್ತದೆ ಎಂಬ ಲೆಕ್ಕದ ಮೇಲೆ ಅದು ರಕ್ತದ ಅಂಕಿಯನ್ನು ತೋರಿಸುತ್ತದೆ.

ಮೂರನೆಯದು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬಳಸುವಂಥದ್ದು. ಇಂಗಾಲದ ಡೈಆಕ್ಸೈಡ್ ಈ ಬೆಳಕಿನ ಒಂದು ನಿರ್ದಿಷ್ಟ ಭಾಗವನ್ನು ಹೀರಿಕೊಳ್ಳುತ್ತದೆ. ಎಷ್ಟು ಹೀರಿತು ಎಂಬುದರಿಂದ ಎಷ್ಟಿದೆ ಎಂದು ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅರಿವಳಿಕೆ ತಜ್ಞರು ರೋಗಿಯ ಉಸಿರಿನ ಏರಿಳಿತವನ್ನು ಪರದೆಯ ಮೇಲೆ ನೋಡುತ್ತಿರುವುದು ಇದರಿಂದಲೇ. ಗಂಟಲಿಗೆ ಇಳಿಸಿದ ನಳಿಕೆ ಶ್ವಾಸನಾಳಕ್ಕೆ ಹೋಗಿದೆಯೇ, ತಪ್ಪಿ ಅನ್ನನಾಳಕ್ಕೆ ಹೋಗಿದೆಯೇ ಎಂಬುದನ್ನು ಇದು ಕೂಡಲೇ ತಿಳಿಸುತ್ತದೆ. ಇದರಿಂದ ಉಳಿದ ಜೀವಗಳು ಅನೇಕ.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಯಾವ ಸೆನ್ಸರ್ ಕೂಡ ರೋಗವನ್ನು ನೋಡುವುದಿಲ್ಲ. ಅದು ನೋಡುವುದು ಒಂದು ಅನಿಲವನ್ನು ಮಾತ್ರ. ಅನಿಲದಿಂದ ರೋಗಕ್ಕೆ ಹೋಗುವ ದಾರಿಯನ್ನು ವೈದ್ಯ ವಿಜ್ಞಾನ ವರ್ಷಗಟ್ಟಲೆ ಪರೀಕ್ಷಿಸಿ ತೋರಿಸಬೇಕು. ಆ ದಾರಿ ಚೆನ್ನಾಗಿ ಸವೆದಿರುವುದು ಕೆಲವೇ ರೋಗಗಳಲ್ಲಿ. ಅವುಗಳಲ್ಲಿ ಮುಖ್ಯವಾದದ್ದು ಅಸ್ತಮಾ.

ಹೊಗೆಯಲ್ಲಿದ್ದ ಅನಿಲ ಉಸಿರಿನಲ್ಲಿ ಸಿಕ್ಕಿತು

ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಜನ ಬಹುಕಾಲ ವಾಹನಗಳ ಹೊಗೆಯಲ್ಲಿರುವ ವಿಷ ಎಂದಷ್ಟೇ ತಿಳಿದಿದ್ದರು. ನಮ್ಮ ರಕ್ತನಾಳಗಳೇ ಇದನ್ನು ತಯಾರಿಸುತ್ತವೆ, ನಾಳಗಳನ್ನು ಸಡಿಲಿಸಲು ಇದನ್ನೇ ಬಳಸುತ್ತವೆ ಎಂಬುದು 1980ರ ದಶಕದಲ್ಲಿ ಬೆಳಕಿಗೆ ಬಂತು. ಈ ಶೋಧಕ್ಕಾಗಿ ಅಮೆರಿಕದ ಫರ್ಚ್‌ಗಾಟ್, ಇಗ್ನಾರೋ ಮತ್ತು ಮುರಾದ್ ಎಂಬ ಮೂವರಿಗೆ 1998ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

1991ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿರುವ ಕರೋಲಿನ್ಸ್ಕಾ ಸಂಸ್ಥೆಯ ಲಾರ್ಸ್ ಗುಸ್ಟಾಫ್ಸನ್ ಮತ್ತು ಸಂಗಡಿಗರು ಈ ಅನಿಲ ಹೊರಬಿಡುವ ಉಸಿರಿನಲ್ಲೂ ಇದೆ ಎಂದು ತೋರಿಸಿದರು. 1993ರಲ್ಲಿ ಅಲ್ಲಿಯವರೇ ಆದ ಶೆಲ್ ಆಲ್ವಿಂಗ್ ಮತ್ತು ಸಂಗಡಿಗರು ಅಸ್ತಮಾ ಇರುವವರ ಉಸಿರಿನಲ್ಲಿ ಇದು ಹೆಚ್ಚಾಗಿರುತ್ತದೆ ಎಂದು ವರದಿ ಮಾಡಿದರು.

ಕಾರಣವೇನು? ಅಸ್ತಮಾ ಎಂದರೆ ಬರೀ ಉಬ್ಬಸವಲ್ಲ. ಅದು ಶ್ವಾಸನಾಳದ ಒಳಪದರ ಕೆರಳಿ ಊದಿಕೊಳ್ಳುವ ರೋಗ. ದೂಳು, ಬೂಷ್ಟು, ಬೆಕ್ಕಿನ ಕೂದಲು ಮುಂತಾದವುಗಳಿಗೆ ಅಲರ್ಜಿ ಇರುವವರಲ್ಲಿ ಈ ಕೆರಳಿಕೆ ಒಂದು ನಿರ್ದಿಷ್ಟ ಬಗೆಯದ್ದಾಗಿರುತ್ತದೆ. ಆಗ ಶ್ವಾಸನಾಳದ ಒಳಪದರದ ಜೀವಕೋಶಗಳು ಹೆಚ್ಚು ಹೆಚ್ಚು ನೈಟ್ರಿಕ್ ಆಕ್ಸೈಡನ್ನು ತಯಾರಿಸತೊಡಗುತ್ತವೆ. ಆದ್ದರಿಂದ ಉಸಿರಿನಲ್ಲಿ ಈ ಅನಿಲ ಹೆಚ್ಚಿದೆ ಎಂದರೆ ಒಳಗೆ ಊತ ಇದೆ ಎಂದು ತಿಳಿಯಬಹುದು.

ಮೊದಲ ಯಂತ್ರಗಳು ಈ ಅನಿಲವನ್ನು ಓಝೋನ್ ಜೊತೆ ಸೇರಿಸಿ, ಆಗ ಹೊಮ್ಮುವ ಮಂದ ಬೆಳಕನ್ನು ಅಳೆಯುತ್ತಿದ್ದವು. ಅವು ದೊಡ್ಡವು, ದುಬಾರಿ, ದೊಡ್ಡ ಆಸ್ಪತ್ರೆಗಳಿಗೆ ಮಾತ್ರ ತಕ್ಕವು. 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸ್ವೀಡನ್ನಿನ ನಯಾಕ್ಸ್ ಎಂಬ ಯಂತ್ರಕ್ಕೆ ಅನುಮತಿ ನೀಡಿತು. ಮುಂದೆ ಬೆಳಕಿನ ಬದಲು ವಿದ್ಯುತ್ ರಾಸಾಯನಿಕ ಸೆನ್ಸರ್ ಬಂದಾಗ ಯಂತ್ರ ಕೈಗೆ ಬರುವಷ್ಟು ಚಿಕ್ಕದಾಯಿತು. ಇಂಥ ನಯಾಕ್ಸ್ ಮಿನೋ ಯಂತ್ರಕ್ಕೆ 2008ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬಳಿಕ ಬೇರೆ ಕಂಪೆನಿಗಳ ಯಂತ್ರಗಳೂ ಬಂದಿವೆ. ವೈದ್ಯರು ಈ ಪರೀಕ್ಷೆಯನ್ನು ಚಿಕ್ಕದಾಗಿ ಫೆನೋ ಪರೀಕ್ಷೆ ಎನ್ನುತ್ತಾರೆ.

ಊದುವುದಕ್ಕೂ ಒಂದು ಕ್ರಮವಿದೆ

ಫೆನೋ ಪರೀಕ್ಷೆ ನೋಡಲು ಸುಲಭ. ಆದರೆ ಬಲೂನು ಊದಿದಂತೆ ಊದಿದರೆ ಆಗದು. ಶ್ವಾಸನಾಳದ ಗೋಡೆಯಿಂದ ಈ ಅನಿಲ ನಿಧಾನವಾಗಿ ಗಾಳಿಗೆ ಸೇರುತ್ತಿರುತ್ತದೆ. ಜೋರಾಗಿ ಊದಿದರೆ ಗಾಳಿ ಬೇಗ ದಾಟಿಹೋಗಿ ಅಂಕಿ ಕಡಿಮೆಯಾಗುತ್ತದೆ. ಮೆಲ್ಲಗೆ ಊದಿದರೆ ಹೆಚ್ಚು ಅನಿಲ ಸೇರಿ ಅಂಕಿ ಏರುತ್ತದೆ. ಆದ್ದರಿಂದ ಜಗತ್ತಿನ ಎಲ್ಲ ಕಡೆ ಒಂದೇ ವೇಗವನ್ನು ನಿಗದಿ ಮಾಡಲಾಗಿದೆ: ಸೆಕೆಂಡಿಗೆ 50 ಮಿಲಿಲೀಟರ್. ದೊಡ್ಡವರು 10 ಸೆಕೆಂಡ್, 12 ವರ್ಷಕ್ಕಿಂತ ಚಿಕ್ಕ ಮಕ್ಕಳು 6 ಸೆಕೆಂಡ್ ಇದೇ ವೇಗದಲ್ಲಿ ಊದಬೇಕು. ಮಕ್ಕಳಿಗೆ ಸುಲಭವಾಗಲೆಂದು ಕೆಲವು ಯಂತ್ರಗಳ ಪರದೆಯ ಮೇಲೆ ಚಿತ್ರ ಚಲಿಸುತ್ತಿರುತ್ತದೆ. ಮಗು ಸರಿಯಾಗಿ ಊದಿದರೆ ಚಿತ್ರ ತನ್ನ ದಾರಿ ತಪ್ಪದೆ ಸಾಗುತ್ತದೆ.

ಇನ್ನೊಂದು ತೊಡಕು ಮೂಗು. ಮೂಗಿನ ಪಕ್ಕದ ಎಲುಬಿನ ಗೂಡುಗಳಲ್ಲಿ ನೈಟ್ರಿಕ್ ಆಕ್ಸೈಡ್ ಬಹಳ ಹೆಚ್ಚು ಪ್ರಮಾಣದಲ್ಲಿ ಇರುತ್ತದೆ. ಅದು ಬೆರೆತರೆ ಲೆಕ್ಕವೆಲ್ಲ ಕೆಡುತ್ತದೆ. ಅದಕ್ಕಾಗಿ ಯಂತ್ರದ ಬಾಯಿ ಸ್ವಲ್ಪ ಬಿಗಿಯಾಗಿರುತ್ತದೆ. ಆ ಒತ್ತಡಕ್ಕೆ ಎದುರಾಗಿ ಊದಿದಾಗ ಗಂಟಲಿನ ಮೃದು ಅಂಗುಳ ಮೇಲೆದ್ದು ಮೂಗಿನ ಬಾಗಿಲನ್ನು ತಾನಾಗಿ ಮುಚ್ಚುತ್ತದೆ. ಊದುವ ಮೊದಲು ಒಳಗೆಳೆಯುವ ಗಾಳಿಯೂ ಯಂತ್ರದ ಶೋಧಕದ ಮೂಲಕವೇ ಬರುತ್ತದೆ. ಇಲ್ಲದಿದ್ದರೆ ರಸ್ತೆಯ ಹೊಗೆಯಲ್ಲಿರುವ ಅನಿಲವನ್ನೇ ರೋಗಿಯ ಲೆಕ್ಕಕ್ಕೆ ಬರೆದಂತಾಗುತ್ತದೆ.

ಅಂಕಿ ಏನನ್ನು ಹೇಳುತ್ತದೆ?

ಅಮೆರಿಕದ ಎದೆರೋಗ ತಜ್ಞರ ಸಂಘವು 2011ರಲ್ಲಿ ನೀಡಿದ ಮಾರ್ಗಸೂಚಿಯಂತೆ, ದೊಡ್ಡವರಲ್ಲಿ 25 ಪಿಪಿಬಿಗಿಂತ ಕಡಿಮೆ ಇದ್ದರೆ ಈ ಬಗೆಯ ಊತ ಇರುವ ಸಂಭವ ಕಡಿಮೆ. 50ಕ್ಕಿಂತ ಹೆಚ್ಚಿದ್ದರೆ ಊತ ಇರುವ ಸಂಭವ ಹೆಚ್ಚು, ಉಸಿರಿನ ಮೂಲಕ ಎಳೆದುಕೊಳ್ಳುವ ಸ್ಟೀರಾಯ್ಡ್ ಔಷಧಿಯಿಂದ ಗುಣ ಕಾಣುವ ಸಂಭವವೂ ಹೆಚ್ಚು. ಮಕ್ಕಳಲ್ಲಿ ಈ ಗಡಿಗಳು 20 ಮತ್ತು 35. ನಡುವಿನ ಅಂಕಿ ಬಂದರೆ ರೋಗಿಯ ಉಳಿದ ಲಕ್ಷಣಗಳನ್ನು ನೋಡಿ ತೀರ್ಮಾನಿಸಬೇಕು. ಬ್ರಿಟನ್ನಿನಲ್ಲಿ 2024ರ ನವೆಂಬರಿನಲ್ಲಿ ಬಂದ ಮಾರ್ಗಸೂಚಿ ಅಸ್ತಮಾ ಪತ್ತೆಯ ಮೊದಲ ಪರೀಕ್ಷೆಗಳಲ್ಲೇ ಇದಕ್ಕೆ ಸ್ಥಾನ ನೀಡಿದೆ.

ಆದರೂ ಅಂಕಿಯೊಂದೇ ತೀರ್ಪಲ್ಲ. ಅಲರ್ಜಿಯ ನೆಗಡಿ ಇದ್ದರೂ ಅಂಕಿ ಏರಬಹುದು. ಬೀಟ್‌ರೂಟ್, ಪಾಲಕ್ ಸೊಪ್ಪಿನಂಥ ನೈಟ್ರೇಟ್ ಹೆಚ್ಚಿರುವ ತರಕಾರಿ ತಿಂದು ಬಂದರೂ ಏರಬಹುದು. ಧೂಮಪಾನಿಗಳಲ್ಲಿ ಅಂಕಿ ಇಳಿಯುತ್ತದೆ, ಹಾಗೆಂದು ಅವರ ಶ್ವಾಸಕೋಶ ಚೆನ್ನಾಗಿದೆ ಎಂದು ಅರ್ಥವಲ್ಲ. ಅಸ್ತಮಾದಲ್ಲೇ ಈ ಅನಿಲ ಹೆಚ್ಚಾಗದ ಬಗೆಗಳೂ ಇವೆ. ಆದ್ದರಿಂದ ಅಂಕಿ ಕಡಿಮೆ ಬಂದ ಮಾತ್ರಕ್ಕೆ "ನಿಮಗೆ ಅಸ್ತಮಾ ಇಲ್ಲ" ಎನ್ನಲಾಗದು.

ಉಬ್ಬಸ ನಿಂತರೂ ಊತ ನಿಂತಿರುವುದಿಲ್ಲ

ಹಾಗಾದರೆ ಇದರ ನಿಜವಾದ ಪ್ರಯೋಜನ ಎಲ್ಲಿದೆ? ನಮ್ಮ ಮನೆಗಳಲ್ಲಿ ಅಸ್ತಮಾವನ್ನು ನೋಡಿಕೊಳ್ಳುವ ರೀತಿಯನ್ನೇ ಸ್ವಲ್ಪ ಯೋಚಿಸಿ. 2019ರ ಜಾಗತಿಕ ರೋಗಭಾರ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಅಸ್ತಮಾ ಇರುವವರು ಸುಮಾರು 3.4 ಕೋಟಿ. ಇವರಲ್ಲಿ ಅನೇಕರು ಉಬ್ಬಸ ಬಂದಾಗ ಶ್ವಾಸನಾಳವನ್ನು ತಕ್ಷಣ ಹಿಗ್ಗಿಸುವ ಇನ್‌ಹೇಲರ್ ಅಥವಾ ಮಾತ್ರೆಯನ್ನಷ್ಟೇ ಬಳಸುತ್ತಾರೆ. ಐದು ಹತ್ತು ನಿಮಿಷಗಳಲ್ಲಿ ಎದೆ ಹಗುರಾಗುತ್ತದೆ. ರೋಗ ಹೋಯಿತೆಂದು ಸಮಾಧಾನ. ಪ್ರತಿದಿನ ತೆಗೆದುಕೊಳ್ಳಬೇಕಾದ, ಊತವನ್ನು ಇಳಿಸುವ ಸ್ಟೀರಾಯ್ಡ್ ಇನ್‌ಹೇಲರ್ ಮಾತ್ರ ಕಪಾಟಿನಲ್ಲಿ ಹಾಗೇ ಉಳಿಯುತ್ತದೆ. "ಒಮ್ಮೆ ಹಿಡಿದರೆ ಬಿಡಲಾಗದು" ಎಂಬ ಭಯ ಒಂದು ಕಡೆ. ಹುಡುಗಿಗೆ ಸಂಬಂಧ ಕೂಡಿಬರಲಿಕ್ಕಿಲ್ಲ ಎಂದು ಇನ್‌ಹೇಲರನ್ನು ಬಚ್ಚಿಡುವ ಹೆತ್ತವರು ಇನ್ನೊಂದು ಕಡೆ.

ತಕ್ಷಣ ಹಿಗ್ಗಿಸುವ ಔಷಧಿ ಊತವನ್ನು ಇಳಿಸುವುದಿಲ್ಲ. ಗೋಡೆಯೊಳಗೆ ನೀರು ಸೋರುತ್ತಿರುವಾಗ ಮೇಲೆ ಬಣ್ಣ ಬಳಿದಂತೆ ಅದು. ಊತ ಉಳಿದಿದ್ದರೆ ಯಾವುದೋ ಒಂದು ರಾತ್ರಿ ದೊಡ್ಡ ಉಬ್ಬಸ ಎದ್ದು ಪ್ರಾಣಕ್ಕೆ ಸಂಚಕಾರ ಬರಬಹುದು. ಈ ಕಾರಣದಿಂದಲೇ ಅಸ್ತಮಾ ಕುರಿತ ಜಾಗತಿಕ ತಜ್ಞರ ಸಂಸ್ಥೆಯಾದ ಜೀನಾ, ಕೇವಲ ತಕ್ಷಣ ಹಿಗ್ಗಿಸುವ ಇನ್‌ಹೇಲರನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆಯನ್ನು ಹದಿಹರೆಯದವರಿಗೂ ದೊಡ್ಡವರಿಗೂ ಶಿಫಾರಸು ಮಾಡುವುದನ್ನು 2019ರಿಂದ ನಿಲ್ಲಿಸಿದೆ.

ಫೆನೋ ಯಂತ್ರ ನೆರವಾಗುವುದು ಇಲ್ಲಿಯೇ. ಕೆಮ್ಮು, ಉಬ್ಬಸ ಏನೂ ಇಲ್ಲದ ದಿನವೂ ಒಳಗಿನ ಊತವನ್ನು ಅದು ಅಂಕಿಯಲ್ಲಿ ತೋರಿಸಬಲ್ಲದು. ಸ್ಟೀರಾಯ್ಡ್ ಇನ್‌ಹೇಲರನ್ನು ಕ್ರಮವಾಗಿ ತೆಗೆದುಕೊಂಡರೆ ಒಂದೆರಡು ವಾರಗಳಲ್ಲೇ ಅಂಕಿ ಇಳಿಯತೊಡಗುತ್ತದೆ. 50ಕ್ಕಿಂತ ಮೇಲಿದ್ದ ಅಂಕಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದರೆ ಔಷಧಿ ಕೆಲಸ ಮಾಡುತ್ತಿದೆ ಎಂದು ವೈದ್ಯರು ತಿಳಿಯುತ್ತಾರೆ. ಇಳಿಯದೆ ಹಾಗೇ ಉಳಿದರೆ ಪ್ರಶ್ನೆ ಏಳುತ್ತದೆ: ರೋಗಿ ಔಷಧಿ ತೆಗೆದುಕೊಳ್ಳುತ್ತಿಲ್ಲವೇ? ತೆಗೆದುಕೊಂಡರೂ ಸರಿಯಾಗಿ ಎಳೆಯದೆ ಔಷಧಿ ಗಂಟಲಿನಲ್ಲೇ ಉಳಿಯುತ್ತಿದೆಯೇ? ಅಥವಾ ಮನೆಯಲ್ಲೇ ಇರುವ ಬೂಷ್ಟು, ದೂಳು ಪ್ರತಿದಿನ ಕೆರಳಿಸುತ್ತಿದೆಯೇ? ರೋಗಿಗೂ ಇದೊಂದು ಕಣ್ಣಿಗೆ ಕಾಣುವ ಸಾಕ್ಷಿ. ರಕ್ತದೊತ್ತಡದ ಅಂಕಿ ನೋಡಿ ಉಪ್ಪು ಕಡಿಮೆ ಮಾಡುವಂತೆ, ಉಸಿರಿನ ಅಂಕಿ ಇಳಿಯುವುದನ್ನು ಕಂಡವನಿಗೆ ದಿನವೂ ಇನ್‌ಹೇಲರ್ ಹಿಡಿಯಲು ಮನಸ್ಸು ಬರುತ್ತದೆ.

ಹಾಲು, ಹೊಗೆ ಮತ್ತು ಒಂದು ಎಡವಟ್ಟು

ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ ಆಗುವವರಿಗೆ ಹೈಡ್ರೋಜನ್ ಪರೀಕ್ಷೆ ಇದೆ. ಮನುಷ್ಯನ ಜೀವಕೋಶಗಳು ಹೈಡ್ರೋಜನ್ ಅನಿಲವನ್ನು ತಯಾರಿಸುವುದಿಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋದರೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಹೈಡ್ರೋಜನ್ ಬಿಡುತ್ತವೆ. ಅದು ರಕ್ತ ಸೇರಿ ಉಸಿರಿಗೆ ಬರುತ್ತದೆ. ರಾತ್ರಿಯಿಡೀ ಉಪವಾಸವಿದ್ದು ಬೆಳಗ್ಗೆ ಲ್ಯಾಕ್ಟೋಸ್ ಬೆರೆಸಿದ ನೀರು ಕುಡಿದು, ಮೂರು ಗಂಟೆಗಳ ಕಾಲ ಆಗಾಗ ಯಂತ್ರಕ್ಕೆ ಊದಬೇಕು. ಮೊದಲಿನ ಅಂಕಿಗಿಂತ 20 ಪಿಪಿಎಂ ಏರಿದರೆ ಹಾಲಿನ ಸಕ್ಕರೆ ಜೀರ್ಣವಾಗುತ್ತಿಲ್ಲ ಎಂದು ಅರ್ಥ.

ಧೂಮಪಾನ ಬಿಡಿಸುವ ವೈದ್ಯರ ಬಳಿ ಇರುವುದು ಕಾರ್ಬನ್ ಮಾನಾಕ್ಸೈಡ್ ಯಂತ್ರ. ಬೀಡಿ, ಸಿಗರೇಟಿನ ಹೊಗೆಯ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸೇದುವುದನ್ನು ಬಿಟ್ಟ ಒಂದೆರಡು ದಿನಗಳಲ್ಲೇ ಅಂಕಿ ಇಳಿಯುವುದನ್ನು ಕಂಡು ಬಿಡಲು ಹೊರಟವನಿಗೆ ಧೈರ್ಯ ಬರುತ್ತದೆ.

ಈ ಎರಡು ಯಂತ್ರಗಳ ನಡುವೆ ಒಂದು ಸ್ವಾರಸ್ಯದ ಎಡವಟ್ಟು ಉಂಟು. ಕಾರ್ಬನ್ ಮಾನಾಕ್ಸೈಡ್ ಸೆನ್ಸರ್‌ಗೆ ಹೈಡ್ರೋಜನ್ ಕಂಡರೂ ಸ್ವಲ್ಪ ಗೊಂದಲ. ಹಾಲು ಜೀರ್ಣವಾಗದವನೊಬ್ಬ ಬೆಳಗ್ಗೆ ಹಾಲು ಕುಡಿದು ಬಂದು ಊದಿದರೆ, ಬೀಡಿಯನ್ನು ಮುಟ್ಟದಿದ್ದರೂ ಸೇದುವವನಂತೆ ಯಂತ್ರ ತೋರಿಸಬಹುದು. ಅಗ್ಗದ ಮದ್ಯಸಾರ ಯಂತ್ರಗಳು ಸಕ್ಕರೆ ಕಾಯಿಲೆಯವರ ಅಸಿಟೋನನ್ನು ಮದ್ಯವೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯೂ ಇದೆ. ಯಂತ್ರಕ್ಕೆ ಸುಳ್ಳು ಹೇಳುವ ಉದ್ದೇಶವಿಲ್ಲ. ಆದರೆ ಅದಕ್ಕೆ ಕೇಳಿಸಿದ್ದನ್ನಷ್ಟೇ ಅದು ಹೇಳುತ್ತದೆ.

ಒಂದೇ ಉಸಿರಿನಲ್ಲಿ ನೂರು ರೋಗ?

1982ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ ಹೊಸ ವಿಚಾರವೊಂದನ್ನು ಮುಂದಿಟ್ಟರು. ಒಂದು ಸೆನ್ಸರ್‌ಗೆ ಭೇದ ತಿಳಿಯದಿದ್ದರೇನು, ಬೇರೆ ಬೇರೆ ಗುಣದ ಹಲವು ಸೆನ್ಸರ್‌ಗಳನ್ನು ಒಟ್ಟಿಗೆ ಇಟ್ಟು ಅವೆಲ್ಲದರ ಉತ್ತರವನ್ನು ಕೂಡಿಸಿ ನೋಡಿದರೆ ವಾಸನೆಯ ಗುರುತು ಸಿಗುತ್ತದೆ ಎಂದರು. ನಮ್ಮ ಮೂಗು ಕೆಲಸ ಮಾಡುವುದೂ ಹೀಗೆಯೇ. ಇದಕ್ಕೆ ಎಲೆಕ್ಟ್ರಾನಿಕ್ ಮೂಗು ಎಂಬ ಹೆಸರು ಬಂತು. ಶ್ವಾಸಕೋಶದ ಕ್ಯಾನ್ಸರ್, ಕ್ಷಯ ಮುಂತಾದವನ್ನು ಇದರಿಂದ ಹಿಡಿಯುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆಯುತ್ತಿವೆ. ಆದರೆ ಒಂದು ಆಸ್ಪತ್ರೆಯಲ್ಲಿ ಗೆದ್ದ ಯಂತ್ರ ಇನ್ನೊಂದು ಆಸ್ಪತ್ರೆಯಲ್ಲಿ ಸೋಲುವುದುಂಟು. ಆಸ್ಪತ್ರೆಯ ಸ್ಪಿರಿಟ್ ವಾಸನೆ, ರೋಗಿಯ ಊಟ, ಔಷಧಿ, ಉಸಿರಿನ ತೇವಾಂಶ, ಸೆನ್ಸರ್ ಹಳತಾಗುವುದು ಎಲ್ಲವೂ ಗುರುತನ್ನು ಬದಲಿಸುತ್ತವೆ.

ಕೋವಿಡ್ ಕಾಲದಲ್ಲಿ ಒಂದು ಯಂತ್ರ ಮುಂದೆ ಬಂತು. 2022ರ ಏಪ್ರಿಲ್ 14ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇನ್‌ಸ್ಪೆಕ್ಟ್ಐಆರ್ ಎಂಬ ಯಂತ್ರಕ್ಕೆ ತುರ್ತು ಬಳಕೆಯ ಅನುಮತಿ ನೀಡಿತು. ಅದು ಅಂಗೈಯಷ್ಟಲ್ಲ, ವಿಮಾನದೊಳಗೆ ಒಯ್ಯುವ ಪೆಟ್ಟಿಗೆಯಷ್ಟು ದೊಡ್ಡದು. 2,409 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಸೋಂಕಿತರಲ್ಲಿ ಶೇಕಡಾ 91.2 ಮಂದಿಯನ್ನು ಅದು ಸರಿಯಾಗಿ ಗುರುತಿಸಿತ್ತು. ಆದರೂ ಅದು ಸೋಂಕು ಇದೆ ಎಂದರೆ ಬೇರೆ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು ಎಂಬ ಷರತ್ತು ಇತ್ತು.

ಈ ಷರತ್ತು ಏಕೆ ಬೇಕು? ಒಂದು ಲೆಕ್ಕ ಮಾಡೋಣ. ಹತ್ತು ಸಾವಿರ ಜನರಿರುವ ಊರಿನಲ್ಲಿ ಹತ್ತು ಮಂದಿಗೆ ಒಂದು ರೋಗವಿದೆ ಎನ್ನಿ. ಯಂತ್ರವೊಂದು ರೋಗವಿದ್ದ ಹತ್ತರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುತ್ತದೆ, ರೋಗವಿಲ್ಲದ ನೂರರಲ್ಲಿ ಒಬ್ಬರನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಕೇಳಲು ಬಹಳ ಒಳ್ಳೆಯ ಯಂತ್ರ. ಆದರೆ ಊರಿಡೀ ಊದಿಸಿದರೆ ನಿಜವಾದ ರೋಗಿಗಳು ಒಂಬತ್ತು ಮಂದಿ, ಸುಮ್ಮನೆ ಹೆದರಿದವರು ನೂರು ಮಂದಿ! ಕ್ಯಾನ್ಸರಿನಂಥ ಹೆಸರು ಕೇಳಿ ಆ ನೂರು ಮನೆಗಳಲ್ಲಿ ಏನು ನಡೆದೀತು ಎಂದು ಊಹಿಸಿ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಸಿಟೋನ್ ಅಳೆಯುವ ಪುಟ್ಟ ಯಂತ್ರಗಳು ಮಾರಾಟಕ್ಕಿವೆ. ದೇಹ ಸಕ್ಕರೆಯ ಬದಲು ಕೊಬ್ಬನ್ನು ಕರಗಿಸಿದಾಗ ಅಸಿಟೋನ್ ಬರುತ್ತದೆ. ಉಪವಾಸ ಮಾಡಿದ ಆರೋಗ್ಯವಂತನ ಉಸಿರಿನಲ್ಲೂ ಅದು ಹೆಚ್ಚುತ್ತದೆ. ರಕ್ತದ ಸಕ್ಕರೆ ಏರಿದ್ದರೂ ಅಸಿಟೋನ್ ಏರದೆ ಇರಬಹುದು. ಆದ್ದರಿಂದ ಅಸಿಟೋನಿನ ಅಂಕಿ ಸಕ್ಕರೆಯ ಅಂಕಿಯಲ್ಲ. ಅದನ್ನು ನಂಬಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡುವುದು ಪ್ರಾಣದೊಂದಿಗೆ ಆಟವಾಡಿದಂತೆ.

ಪರೀಕ್ಷೆಗೆ ಹೋಗುವ ಮುನ್ನ

ವೈದ್ಯರು ಫೆನೋ ಪರೀಕ್ಷೆ ಹೇಳಿದ್ದರೆ ಈ ಕೆಲವು ಸಂಗತಿಗಳನ್ನು ಗಮನದಲ್ಲಿಡಿ.

* ಪರೀಕ್ಷೆಗೆ ಒಂದು ಗಂಟೆ ಮೊದಲಿನಿಂದ ಏನನ್ನೂ ತಿನ್ನಬೇಡಿ, ಕುಡಿಯಬೇಡಿ, ಧೂಮಪಾನ ಮಾಡಬೇಡಿ, ಹೆಚ್ಚು ಶ್ರಮದ ಕೆಲಸ ಮಾಡಬೇಡಿ. ಬೀಟ್‌ರೂಟ್, ಸೊಪ್ಪು ತಿಂದಿದ್ದರೆ ಹೇಳಿ.
* ಜೋರಾಗಿ ಊದಿ ಶ್ವಾಸಕೋಶದ ಶಕ್ತಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯೂ ಅದೇ ದಿನ ಇದ್ದರೆ, ಫೆನೋ ಮೊದಲು ಆಗಲಿ.
* ಯಾವ ಇನ್‌ಹೇಲರ್, ಮಾತ್ರೆಗಳನ್ನು ಬಳಸುತ್ತಿದ್ದೀರಿ, ಯಾವುದನ್ನು ಬಿಟ್ಟಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಪರೀಕ್ಷೆಗೆಂದು ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ.
* ಶೀತ, ಜ್ವರ, ಅಲರ್ಜಿಯ ನೆಗಡಿ ಇದ್ದರೆ ತಿಳಿಸಿ.
* ಸೆನ್ಸರ್‌ಗೂ ಆಯುಸ್ಸು ಇದೆ. ಇಂತಿಷ್ಟು ತಿಂಗಳು ಅಥವಾ ಇಂತಿಷ್ಟು ಪರೀಕ್ಷೆಗಳ ಬಳಿಕ ಅದನ್ನು ಬದಲಿಸಬೇಕು. ಅವಧಿ ಮುಗಿದಿಲ್ಲವೇ ಎಂದು ಕೇಳಲು ಸಂಕೋಚ ಬೇಡ.
* ಹಿಂದಿನ ಅಂಕಿಗಳ ಚೀಟಿಗಳನ್ನು ಜೋಪಾನವಾಗಿಡಿ. ಒಂದು ಸಲದ ಅಂಕಿಗಿಂತ ಅದು ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದೇ ವೈದ್ಯರಿಗೆ ಹೆಚ್ಚು ಉಪಯುಕ್ತ.

ಊದುವ ಯಂತ್ರಗಳ ಜಾಹೀರಾತು ಕಂಡಾಗ ಮೂರು ಪ್ರಶ್ನೆ ಕೇಳಿ: ಇದು ಯಾವ ಅನಿಲವನ್ನು ಅಳೆಯುತ್ತದೆ? ಆ ಅನಿಲಕ್ಕೂ ನನ್ನ ರೋಗಕ್ಕೂ ಇರುವ ಸಂಬಂಧವನ್ನು ವೈದ್ಯರು ಒಪ್ಪಿದ್ದಾರೆಯೇ? ಅಂಕಿ ಹೆಚ್ಚು ಬಂದರೆ ಮುಂದಿನ ಹೆಜ್ಜೆ ಏನು? ಈ ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ನಿಮ್ಮ ಹಣವನ್ನು ಕಿಸೆಯಲ್ಲೇ ಇಟ್ಟುಕೊಳ್ಳಿ.

ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಿದರೆ ಉಸಿರು ಒಂದು ಸರಿಯಾದ ಉತ್ತರವನ್ನು ಕೊಡುತ್ತದೆ. ನೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದರೆ ಗೊಂದಲವೇ ಉತ್ತರ. ನಿಮ್ಮ ಮನೆಯಲ್ಲಿ ಅಸ್ತಮಾ ಇರುವವರಿದ್ದು, ಈಚೆಗೆ ಉಬ್ಬಸ ಬಂದಿಲ್ಲವೆಂದು ದಿನದ ಇನ್‌ಹೇಲರನ್ನು ಬಿಟ್ಟಿದ್ದರೆ, ಈ ಲೇಖನ ಓದಿ ಮುಗಿಸಿದ ಕೂಡಲೇ ಅವರೊಂದಿಗೆ ಮಾತನಾಡಿ. ಯಂತ್ರ ಹತ್ತಿರದಲ್ಲಿ ಇರಲಿ, ಇಲ್ಲದಿರಲಿ, ವೈದ್ಯರನ್ನು ಕಂಡು ಕೇಳಬೇಕಾದದ್ದು ಇಷ್ಟೇ: "ಉಬ್ಬಸ ನಿಂತಿದೆ, ಊತ ನಿಂತಿದೆಯೇ?"